ಹಲಗೂರಿನ ಸಾಲು: ಓದುವ ಮನೆಗಳಿಗೆ ದೂರವಾದ ಒಂದು ಹಾಡು

ನಮ್ಮ ಚಾಮರಾಜನಗರದ ಸೀಮೆಗೆ ಎರಡು ದೊಡ್ಡ ಹಾಡುಗಬ್ಬಗಳ ಭಾಗ್ಯವಿದೆ. ಕೈಯಲ್ಲಿ ಕಂಚಿನ ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವುದು ಮಲೆಯ ಮಾದೇಶ್ವರನ ಕಥೆ. ತಂಬೂರಿ ಹಿಡಿದ ನೀಲಗಾರರು ಹಾಡುವುದು ಮಂಟೇಸ್ವಾಮಿಯ ಕಥೆ. ಎರಡೂ ಒಂದು ರಾತ್ರಿಯಲ್ಲಿ ಮುಗಿಯುವಂಥವಲ್ಲ. ಆದುದರಿಂದ ಹಾಡುವವರು ಅವನ್ನು ‘ಸಾಲು’ಗಳಾಗಿ ವಿಂಗಡಿಸಿಕೊಂಡು, ಕೇಳುವವರ ಇಷ್ಟವನ್ನೂ ಹೊತ್ತನ್ನೂ ನೋಡಿ ಒಂದೊಂದನ್ನು ಎತ್ತಿಕೊಳ್ಳುವರು. ಈ ಸಾಲುಗಳಲ್ಲಿ ಕೆಲವಕ್ಕೆ ಇತ್ತೀಚೆಗೆ ವಿಶೇಷವಾದ ಕೀರ್ತಿ ದೊರೆತಿದೆ. ‘ಕೋಲುಮಂಡೆ’ಯ ಹಾಡು 1996ರ ‘ಜನುಮದ ಜೋಡಿ’ ಚಿತ್ರದಿಂದ ಮನೆಮಾತಾಯಿತು. ‘ಸೋಜುಗದ ಸೂಜುಮಲ್ಲಿಗೆ’ 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿಯೂ ಸೇರಿ, ಬೆಟ್ಟವನ್ನೇ ಕಾಣದವರ ನಾಲಗೆಯ ಮೇಲೂ ನಲಿಯುತ್ತಿದೆ. ಇನ್ನು ಓದುಬಲ್ಲವರ ಗೋಷ್ಠಿಗಳಲ್ಲಿ ಮಾದೇಶ್ವರನ ಕಾವ್ಯವೆಂದರೆ ಸಂಕಮ್ಮನ ಸಾಲು, ಮಂಟೇಸ್ವಾಮಿಯ ಕಾವ್ಯವೆಂದರೆ ಕಲ್ಯಾಣದ ಸಾಲು ಎಂಬಂತಾಗಿದೆ. ಈ ಕೀರ್ತಿ ಅನುಚಿತವೆಂದು ನಾನು ಹೇಳುವುದಿಲ್ಲ. ಆದರೆ ಇವುಗಳ ಪಕ್ಕದಲ್ಲಿಯೇ, ಇವುಗಳಿಗೆ ಯಾವ ವಿಧದಲ್ಲಿಯೂ ಕಡಿಮೆಯಲ್ಲದ ಸಾಲೊಂದು ನಮ್ಮ ಮನೆಗಳ ಗಮನಕ್ಕೆ ಬೀಳದೆ ಉಳಿದಿದೆ. ಅದು ಸಿದ್ದಪ್ಪಾಜಿಯು ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದ ಸಾಲು. ಜಾತ್ರೆಯ ಜನ ಇದನ್ನು ಮರೆತಿಲ್ಲ. ಇದು ದೂರವಾಗಿರುವುದು ಓದುವ ಮನೆಗಳಿಗೆ ಮಾತ್ರ.

ಕಥೆಯ ಎಳೆ ಇಷ್ಟು. ನಿಡಘಟ್ಟದ ಆಚಾರಿಯೊಬ್ಬನ ಮನೆಯ ಮಗ ಕೆಂಪಾಚಾರಿ. ಮಂಟೇಸ್ವಾಮಿ ಆ ಮನೆಗೆ ಬಂದು, ಆ ಮಗನನ್ನೇ ತನಗೆ ಶಿಶುಮಗನಾಗಿ ಕೊಡಬೇಕೆಂದು ಬೇಡುವನು. ಹೆತ್ತವರು ಒಲ್ಲೆವೆನ್ನುವರು. ಗುರುವಿನ ಹಟವೇ ಕೊನೆಗೆ ಗೆದ್ದು, ಹುಡುಗ ಮನೆಯನ್ನು ಬಿಟ್ಟು ಗುರುವಿನ ಹಿಂದೆ ನಡೆಯುವನು, ಮುಂದೆ ಸಿದ್ದಪ್ಪಾಜಿಯೆನಿಸುವನು. ಹೀಗೆ ಸಿದ್ಧನಾದ ಶಿಷ್ಯನನ್ನು ಗುರುವು ಹಲಗೂರಿನ ಪಾಂಚಾಳರಲ್ಲಿಗೆ ಕಳುಹಿಸಿ, ಕಬ್ಬಿಣವನ್ನು ಭಿಕ್ಷೆಯಾಗಿ ತಾ ಎನ್ನುವನು. ಕುಲುಮೆಗಳ ಊರಿನಲ್ಲಿ ನಿಂತು ಪಾಂಚಾಳರು ತಮ್ಮಲ್ಲಿ ಕಬ್ಬಿಣವೇ ಇಲ್ಲವೆನ್ನುವರು. ಬೇಡಲು ಬಂದವನನ್ನು ಪರೀಕ್ಷೆಗಳಿಗೆ ಒಡ್ಡುವರು. ಅವನು ಅವೆಲ್ಲವನ್ನೂ ಗೆದ್ದಮೇಲೆ ಸೋತು, ಶರಣಾಗಿ, ಕಬ್ಬಿಣವನ್ನು ಒಪ್ಪಿಸುವರು.

ಹೀಗೆ ಸಂಗ್ರಹಿಸಿ ಹೇಳಿದರೆ ಇದು ಬರಿಯ ಪವಾಡದ ಕಥೆಯಂತೆ ತೋರುವುದು. ಆದರೆ ಇದರ ಜೋಡಣೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗುರುವು ಮೊದಲು ಕಮ್ಮಾರನ ಮನೆಯಿಂದ ಮಗನನ್ನು ಬೇಡಿದನು. ಆಮೇಲೆ ಆ ಮಗನ ಮೂಲಕ ಕಮ್ಮಾರರ ಊರಿನಿಂದ ಕಬ್ಬಿಣವನ್ನು ಬೇಡಿದನು. ಎರಡು ಸಲವೂ ಕೇಳಿದುದು ಆ ಮನೆಯವರು ಯಾವುದನ್ನು ನೆಚ್ಚಿ ಬಾಳುವರೋ ಅದನ್ನೇ. ಎರಡು ಸಲವೂ ಬಂದ ಉತ್ತರ ‘ಇಲ್ಲ’ ಎಂಬುದೇ. ಶಿಷ್ಯನ ಸ್ಥಿತಿಯಂತೂ ಇನ್ನೂ ಕಠಿನವಾದುದು. ಅವನು ಹೋಗಿ ನಿಂತದ್ದು ಅಪರಿಚಿತರ ಬಾಗಿಲಲ್ಲಿ ಅಲ್ಲ, ತನ್ನ ಕುಲದವರ ಬಾಗಿಲಲ್ಲಿ. ತಿದಿಯ ಸದ್ದು, ಕೆಂಡದ ವಾಸನೆ, ಅಡಿಗಲ್ಲಿನ ಮೇಲೆ ಬೀಳುವ ಸುತ್ತಿಗೆಯ ಲಯ, ಇವೆಲ್ಲ ಅವನ ಬಾಲ್ಯದವು. ಅವರು ಸುಳ್ಳು ಹೇಳುತ್ತಿರುವರೆಂಬುದನ್ನು ತಿಳಿಯಲು ಅವನಿಗೆ ಯೋಗಶಕ್ತಿ ಬೇಕಾಗಿರಲಿಲ್ಲ, ಕಿವಿಯಿದ್ದರೆ ಸಾಕಾಗಿತ್ತು. ಕಲ್ಯಾಣದ ಸಾಲಿನಲ್ಲಿ ಗುರುವು ಪರರ ಭಕ್ತಿಯನ್ನು ಪರೀಕ್ಷಿಸುವನು. ಅಲ್ಲಿ ವ್ಯಂಗ್ಯವಿದೆ, ಸಾಹಸವಿದೆ, ಚಿಂತನೆಗೆ ತಕ್ಕ ಸಾಮಗ್ರಿಯಿದೆ. ಪಂಡಿತರು ಅದನ್ನು ಮೆಚ್ಚಿದುದು ಸಹಜವೇ. ಹಲಗೂರಿನ ಸಾಲಿನಲ್ಲಾದರೋ ಪರೀಕ್ಷೆಗೆ ಒಳಗಾದವನು ಬೇಡುವವನೇ. ಕರುಣವೂ ವೀರವೂ ಒಂದರೊಳಗೊಂದು ಬೆರೆತ ಇಂಥ ಸನ್ನಿವೇಶ ನಮ್ಮ ಹಾಡುಗಬ್ಬಗಳಲ್ಲಿ ವಿರಳವೆಂದೇ ನನ್ನ ಮತ.

ಈ ಸಾಲನ್ನು ನಾನು ಎರಡು ವಿಧವಾಗಿ ಕೇಳಿದ್ದೇನೆ. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ, ಪುಷ್ಯಮಾಸದ ಹುಣ್ಣಿಮೆಗೆ ಮೊದಲಾಗಿ ಐದು ದಿನಗಳ ಸಿದ್ದಪ್ಪಾಜಿಯ ಜಾತ್ರೆ ನಡೆಯುವುದು. ಮೊದಲ ರಾತ್ರಿ ಚಂದ್ರಮಂಡಲ ಉರಿದಮೇಲೆ ಜನರು ಚಳಿಯಲ್ಲಿ ತಮ್ಮ ತಮ್ಮ ಬಿಡಾರಗಳಿಗೆ ಮರಳುವರು. ಅಲ್ಲೊಂದು ಇಲ್ಲೊಂದು ಮೇಳ ಕುಳಿತು ಹಾಡುತ್ತಿರುವುದು. ನಾನು ಕೇಳಿದ ಮೇಳದಲ್ಲಿ ಕಥೆ ಹೇಳುವವನೊಬ್ಬ, ಸೊಲ್ಲು ಹಿಡಿಯುವವರು ಮೂವರು. ತಂಬೂರಿ, ದಮ್ಮಡಿ, ಗಗ್ಗರ, ತಾಳ. ಪಾಂಚಾಳರು ಕಬ್ಬಿಣವಿಲ್ಲವೆಂದು ಆಣೆಯಿಡುವ ಕಡೆ ಬಂದಾಗ ಮುಖ್ಯ ಗಾಯಕನು ತಂಬೂರಿಯನ್ನು ನಿಲ್ಲಿಸಿ, ಬರಿಯ ಮಾತಿನಲ್ಲಿ ‘ಇಲ್ಲ’ ಎಂದನು. ಒಡನೆಯೇ ಹಿಮ್ಮೇಳದವನ ಕೈಯ ತಾಳ ಒಂದು ಸಲ ಕಣ್ಣೆಂದಿತು. ಇಲ್ಲವೆಂಬ ಮಾತಿಗೆ ಲೋಹವೇ ಉತ್ತರ ಕೊಟ್ಟಂತಾಯಿತು. ಸುತ್ತ ಕುಳಿತವರು ನಕ್ಕರು. ಹಿಂದೆಯೇ ನಗೆ ಅಡಗಿತು. ಅಚ್ಚಾದ ಪುಸ್ತಕದಲ್ಲಿ ಈ ಸ್ಥಳವನ್ನು ಹುಡುಕಿ ನೋಡಿದರೆ ಎರಡು ಪಂಕ್ತಿಗಳಷ್ಟೇ ಸಿಕ್ಕುವುವು, ತಾಳ ಸಿಕ್ಕುವುದಿಲ್ಲ.

ಇನ್ನೊಂದು ಸಲ ಕೇಳಿದುದು ಗುಂಡ್ಲುಪೇಟೆಯ ಒಂದು ಬೀದಿಯಲ್ಲಿ. ಒಬ್ಬನೇ ವಯಸ್ಸಾದ ನೀಲಗಾರ, ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ತಂಬೂರಿ. ಒಂದು ಮನೆಯ ಒಳಗಿನಿಂದ, “ಮನೇಲಿ ಯಾರೂ ಇಲ್ಲ, ಮುಂದಕ್ಕೆ ಹೋಗಪ್ಪ” ಎಂಬ ಧ್ವನಿ ಬಂದಿತು. ಅವನು “ಆಯ್ತು ಕನವ್ವ” ಎಂದು, ಮುಂದಿನ ಜಗಲಿಯ ಬಳಿ ನಿಂತು ಹಲಗೂರಿನ ಸಾಲನ್ನೇ ಎತ್ತಿಕೊಂಡನು. ಕಾಲು ಗಂಟೆಯಲ್ಲಿ ಮುಗಿಯಿತು, ಪರೀಕ್ಷೆಗಳೆಲ್ಲ ಬಿಟ್ಟುಹೋಗಿದ್ದುವು. ಬೇಡಿದುದು, ಇಲ್ಲವೆಂದುದು, ಮತ್ತೆ ಬೇಡಿದುದು, ಇಷ್ಟೇ ಉಳಿದಿತ್ತು. ಸ್ವಲ್ಪ ಹೊತ್ತಿಗೆ ಆ ಮೊದಲ ಮನೆಯ ಬಾಗಿಲು ತೆರೆದು, ಗೃಹಿಣಿಯು ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿದರು. ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ.

ಚಿಕ್ಕಲ್ಲೂರಿನ ಮೇಳದ ಹಾಡಿಕೆ ಸಂಗೀತದಲ್ಲಿ ಎಷ್ಟೋ ಮೇಲಾದುದು. ಆದರೂ ಕಾವ್ಯದ ಮರ್ಮ ನನಗೆ ಹೊಳೆದುದು ಆ ಬೀದಿಯಲ್ಲಿ. ನೀಲಗಾರನು ಹರಕೆಯ ಮೇರೆಗೆ ದೀಕ್ಷೆ ಪಡೆದವನು, ಒಂದು ಮನೆಯು ಗುರುವಿಗೆ ಒಪ್ಪಿಸಿಕೊಟ್ಟ ಮಗನು. ಕೋರಣ್ಯಕ್ಕೆ ಹೋಗುವುದು ಅವನ ವ್ರತ. ಹೀಗಿರಲು ಈ ಸಾಲನ್ನು ಬಾಗಿಲಲ್ಲಿ ನಿಂತು ಹಾಡುವಾಗ ಅವನೇ ಸಿದ್ದಪ್ಪಾಜಿಯಾಗುವನು, ಕೇಳುವ ಮನೆಯೇ ಹಲಗೂರಾಗುವುದು. ಕೇಳುವವನಿಗೂ ಕಥೆಯಲ್ಲಿ ಒಂದು ಪಾತ್ರವನ್ನು ಕೊಟ್ಟು, ಅವನ ಉತ್ತರಕ್ಕೆ ಕಾದು ನಿಲ್ಲುವ ಕಾವ್ಯವಿದು. ನಮ್ಮ ಮನೆಗಳಲ್ಲಿ ಗಮಕಿಗಳು ಜೈಮಿನಿ ಭಾರತವನ್ನು ವಾಚಿಸುವಾಗ ನಾವು ಚಾಪೆಯ ಮೇಲೆ ನಿಶ್ಚಿಂತರಾಗಿ ಕುಳಿತಿರುವೆವು. ಇಲ್ಲಿ ಆ ನಿಶ್ಚಿಂತೆಗೆ ಎಡೆಯಿಲ್ಲ. ಸೂಜುಮಲ್ಲಿಗೆಯ ಹಾಡು ಎಲ್ಲಿ ಕೇಳಿದರೂ ಸೊಗಸು, ಮೊಬೈಲಿನಲ್ಲಿಯೂ ಸೊಗಸು. ಹಲಗೂರಿನ ಸಾಲು ಹಾಗೆ ಒಯ್ದಲ್ಲಿಗೆ ಬರುವುದಿಲ್ಲ. ಅದಕ್ಕೆ ಕೀರ್ತಿ ಬಾರದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

ದೋಷಗಳನ್ನೂ ಹೇಳದೆ ಬಿಡಬಾರದು. ಪುನರುಕ್ತಿ ಬಹಳವೆಂಬುದು ಓದುಗರ ಮೊದಲ ದೂರು. ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸರು 1933ರಿಂದ 1935ರವರೆಗೆ ಯುಗೊಸ್ಲಾವಿಯದ ಹಳ್ಳಿಗಾಯಕರನ್ನು ಕೇಳಿ, ಕಟ್ಟುಮಾತುಗಳ ಮರುಕಳಿಕೆಯೇ ಬಾಯಿಗಬ್ಬದ ರಚನಾಸೂತ್ರವೆಂಬುದನ್ನು ತೋರಿಸಿದರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಅದನ್ನು ಗ್ರಂಥವಾಗಿ ವಿವರಿಸಿದರು. ಆದ ಕಾರಣ ಈ ದೂರು ಹಾಡಿಗಿಂತ ಹೆಚ್ಚಾಗಿ ಅಚ್ಚಿಗೆ ಸಲ್ಲುವುದು. ಎರಡನೆಯ ದೋಷ ಇನ್ನೂ ಗಂಭೀರವಾದುದು. ಒಂದು ಕಸುಬಿನವರೆಲ್ಲರನ್ನೂ ಸುಳ್ಳರೆಂದು ಚಿತ್ರಿಸುವುದು ನ್ಯಾಯವಲ್ಲ. ತನ್ನ ಸರಕನ್ನು ಬಿಟ್ಟಿ ಕೊಡಲಾರೆನೆಂಬ ಕಮ್ಮಾರನ ಅಳಲಿಗೆ ಕವಿ ಕಿವಿಗೊಟ್ಟಿಲ್ಲ. ಪವಾಡ ಬಂದು ವಾದವನ್ನು ಮುಗಿಸಿಬಿಡುವುದು. ಆದರೆ ನಾಯಕನೂ ಅದೇ ಕುಲದ ಮಗನೆಂಬುದರಿಂದ ಈ ಕಟುತ್ವ ಪರರ ನಿಂದೆಯಾಗಿ ಉಳಿಯದೆ, ಮನೆಯೊಳಗಿನ ಜಗಳದ ಬಿಸಿಯನ್ನು ಪಡೆಯುವುದು. ಒಳ್ಳೆಯ ಗಾಯಕನು ಈ ಬಿಸಿಯನ್ನು ಉಳಿಸಿಕೊಳ್ಳುವನು; ಸಾಧಾರಣ ಗಾಯಕನಲ್ಲಿ ನಿಂದೆ ಮಾತ್ರವೇ ಉಳಿಯುವುದು.

ಈ ಕಾವ್ಯಗಳ ಪಾಠಗಳು ಅಚ್ಚಿಗೆ ಬಂದಿರುವುದು ದೊಡ್ಡ ಉಪಕಾರ. ಪಿ. ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಹೊರಬಂದಿತು. ಹೆಬ್ಬಣಿ ಮಾದಯ್ಯನವರ ಮೇಳ ಹಾಡಿ, ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರನ ಕಾವ್ಯ 2001ರಲ್ಲಿ ಸಾಹಿತ್ಯ ಅಕಾದೆಮಿಯ ಮೂಲಕ ಇಂಗ್ಲಿಷಿಗೂ ಹೋಯಿತು. ಮಂಟೇಸ್ವಾಮಿಯ ಕಾವ್ಯವೂ ಹಿ. ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಸಿಕ್ಕುವುದು. ವಾಚಕರು ಇವನ್ನು ಕೊಂಡು ಓದಲಿ. ಆದರೆ ಹಲಗೂರಿನ ಸಾಲನ್ನು ಮಾತ್ರ ಓದಿ ತೀರ್ಪು ಕೊಡಬಾರದೆಂದು ನನ್ನ ವಿನಂತಿ. ಚಾಮರಾಜನಗರದಿಂದ ಚಿಕ್ಕಲ್ಲೂರು ಬಹು ದೂರವಲ್ಲ. ಪುಷ್ಯದ ಚಳಿಗೆ ಒಂದು ಕಂಬಳಿ ಸಾಕು. ಅಷ್ಟೂ ಆಗದವರು ಮನೆಯಲ್ಲಿಯೇ ಒಂದು ರಾತ್ರಿ ಕಥೆ ಮಾಡಿಸಬಹುದು. ಹಾಡುವವರಿಗೆ ಊಟವನ್ನೂ ತಕ್ಕ ಸಂಭಾವನೆಯನ್ನೂ ಕೊಟ್ಟು, ಸಂಕಮ್ಮನನ್ನೂ ಕಲ್ಯಾಣವನ್ನೂ ಇನ್ನೊಂದು ದಿನಕ್ಕೆ ಇಟ್ಟುಕೊಂಡು, ಹಲಗೂರಿನದೇ ಆಗಲಿ ಎಂದು ಕೇಳಬೇಕು. ಹಾಗೆ ಕೇಳುವ ಮನೆಗಳು ಕಡಿಮೆಯಾದುದರಿಂದಲೇ ಹಾಡುವವರು ಅದನ್ನು ಕಾಲು ಗಂಟೆಗೆ ಇಳಿಸಿಕೊಂಡಿದ್ದಾರೆ. ಕೇಳುವವರಿದ್ದರೆ ಇಡಿಯ ಸಾಲು ಇನ್ನೂ ಅವರ ನೆನಪಿನಲ್ಲಿದೆ.