ಮೀನಿಗೆ ಕೀಟದ ಮೇವು: ಲೆಕ್ಕ ಎಲ್ಲಿಂದ ಆರಂಭವಾಗಬೇಕು?

ಸಾಕಣೆ ಮೀನುಗಳಿಗೆ ಮೀನುಪುಡಿಯ ಬದಲು ಕೀಟಗಳ ಪುಡಿಯನ್ನು ಕೊಡಬಹುದೆ? ಈ ಪ್ರಶ್ನೆ ಎಲ್ಲೆಡೆ ಚರ್ಚೆಗೆ ಬರಲು ಮುಖ್ಯ ಕಾರಣಗಳಲ್ಲಿ ಒಂದು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ 'ಎಡಿಬಲ್ ಇನ್‌ಸೆಕ್ಟ್ಸ್' ಎಂಬ ಗ್ರಂಥ. ನೆದರ್ಲೆಂಡ್ಸ್‌ನ ಕೀಟವಿಜ್ಞಾನಿ ಆರ್ನಾಲ್ಡ್ ವಾನ್ ಹೌಸ್ ಮತ್ತು ಸಂಗಡಿಗರು ಇದರ ಲೇಖಕರು. ಮನುಷ್ಯರ ಆಹಾರವಾಗಿ, ಕೋಳಿ ಮತ್ತು ಮೀನುಗಳ ಮೇವಾಗಿ ಕೀಟಗಳ ಬಗ್ಗೆ ಚದುರಿದ್ದ ಮಾಹಿತಿಯನ್ನು ಒಂದೆಡೆ ಕಲೆಹಾಕಿದ್ದು ಇದರ ಹೆಗ್ಗಳಿಕೆ. ಆದರೆ ಇದರ ಅಂಕಿಗಳನ್ನು ಹಾಗೆಯೇ ಎತ್ತಿ ಮೀನಿನ ಮೇವಿಗೆ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ.

ಸಮಸ್ಯೆ ನಿಜವಾದದ್ದು. ಮೀನುಪುಡಿಯ ಬಹುಪಾಲು ತಯಾರಾಗುವುದು ಸಮುದ್ರದ ಸಣ್ಣ ಮೀನುಗಳಿಂದ. ಪೆರು ದೇಶದ ಆಂಚೊವಿ ಇದಕ್ಕೆ ಪ್ರಸಿದ್ಧ. ಎಲ್ ನಿನ್ಯೊ ಕಾರಣ 2023ರಲ್ಲಿ ಅಲ್ಲಿನ ಮುಖ್ಯ ವಲಯದ ಮೊದಲ ಹಂಗಾಮಿನ ಮೀನುಗಾರಿಕೆಯೇ ರದ್ದಾಯಿತು. ನಮ್ಮ ಕರಾವಳಿಯಲ್ಲೂ ಬೂತಾಯಿಯ ಒಂದು ಪಾಲು ಮೀನುಪುಡಿ ಕಾರ್ಖಾನೆಗಳಿಗೆ ಹೋಗುತ್ತದೆ. ಜನಸಾಮಾನ್ಯರ ತಟ್ಟೆಯ ಅಗ್ಗದ ಮೀನು ದುಬಾರಿ ಮೀನಿನ ಮೇವಾಗುವುದು ಯೋಚಿಸಬೇಕಾದ ಸಂಗತಿಯೇ ಸರಿ.

ಈಗ ಗ್ರಂಥದ ಒಂದು ಅಂಕಿಯನ್ನು ನೋಡೋಣ. ದನದ ತೂಕ 1 ಕಿಲೋಗ್ರಾಮ್ ಏರಲು 8 ಕಿಲೋಗ್ರಾಮ್ ಮೇವು ಬೇಕು, ಕೀಟಗಳಿಗೆ 2 ಕಿಲೋಗ್ರಾಮ್ ಸಾಕು ಎನ್ನುತ್ತದೆ ಅದು. ಎರಡೂ ಜೀವಂತ ತೂಕಗಳಾದ್ದರಿಂದ ಈ ಹೋಲಿಕೆಯಲ್ಲಿ ದೋಷವಿಲ್ಲ. ಆದರೆ ಮೀನಿಗೆ ಕೊಡುವುದು ಒಣಪುಡಿಯನ್ನು. ಮಿಡತೆ ಜಾತಿಯ ಕೀಟಗಳ ದೇಹದಲ್ಲಿ ಸುಮಾರು ಶೇಕಡ 70 ನೀರು. ಅಂದರೆ 2 ಕಿಲೋಗ್ರಾಮ್ ಮೇವಿನಿಂದ ದೊರೆಯುವ ಪುಡಿ 300 ಗ್ರಾಮ್ ಮಾತ್ರ. 1 ಕಿಲೋಗ್ರಾಮ್ ಪುಡಿಗೆ ಸುಮಾರು 6.7 ಕಿಲೋಗ್ರಾಮ್ ಮೇವು ಬೇಕಾಯಿತು!

ಕೀಟಗಳ ದಕ್ಷತೆಗೆ ಕೊಡುವ ಮುಖ್ಯ ಕಾರಣ ಅವು ಶೀತರಕ್ತದ ಜೀವಿಗಳೆಂಬುದು. ದೇಹವನ್ನು ಬೆಚ್ಚಗಿಡಲು ಅವು ಶಕ್ತಿ ವ್ಯಯಿಸುವುದಿಲ್ಲ. ಸರಿ, ಆದರೆ ಮೀನೂ ಶೀತರಕ್ತದ ಜೀವಿಯೇ. ಜೊತೆಗೆ ನೀರಿನ ಪ್ಲವನ ಬಲ ಅದರ ದೇಹದ ಭಾರವನ್ನು ಹೊರುತ್ತದೆ. ದನದ ಎದುರು ಕೀಟಕ್ಕಿರುವ ಅನುಕೂಲ ಮೀನಿನ ಎದುರು ಉಳಿಯುವುದಿಲ್ಲ. ರೋಹು, ಕಾಟ್ಲಾಗಳಿಗೆ ನಮ್ಮ ರೈತರು ಅಕ್ಕಿ ತೌಡು, ಕಡಲೆಕಾಯಿ ಹಿಂಡಿಯನ್ನು ನೇರವಾಗಿಯೇ ಹಾಕುತ್ತಾರೆ. ಅದೇ ತೌಡನ್ನು ಕೀಟಕ್ಕೆ ತಿನ್ನಿಸಿ, ಕೀಟವನ್ನು ಮೀನಿಗೆ ತಿನ್ನಿಸಿದರೆ ಆಹಾರ ಸರಪಳಿಗೆ ಒಂದು ಕೊಂಡಿ ಹೆಚ್ಚುತ್ತದೆ. ಪ್ರತಿ ಕೊಂಡಿಯಲ್ಲೂ ಶಕ್ತಿಯ ದೊಡ್ಡ ಪಾಲು ಉಷ್ಣವಾಗಿ ಸೋರಿಹೋಗುತ್ತದೆ.

ಎರಡನೆಯ ಎಚ್ಚರಿಕೆ ಪ್ರೊಟೀನ್ ಅಳತೆಗೆ ಸಂಬಂಧಿಸಿದ್ದು. ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಅಳೆಯುವುದು ನೈಟ್ರೊಜನ್ ಅನ್ನು. ಅದನ್ನು 6.25ರಿಂದ ಗುಣಿಸಿ ಪ್ರೊಟೀನ್ ಎನ್ನುತ್ತೇವೆ. ಕೀಟಗಳ ಹೊರಕವಚದ ಕೈಟಿನ್ ಪ್ರೊಟೀನ್ ಅಲ್ಲ, ಆದರೂ ಅದರಲ್ಲಿ ನೈಟ್ರೊಜನ್ ಇದೆ. ಕೈಟಿನ್‌ನ ಒಂದು ಘಟಕದ ಅಣುತೂಕ 203, ಅದರಲ್ಲಿ ನೈಟ್ರೊಜನ್ 14. ಅಂದರೆ ಶೇಕಡ 6.9. ಇದನ್ನು 6.25ರಿಂದ ಗುಣಿಸಿ ನೋಡಿ: ಶುದ್ಧ ಕೈಟಿನ್ ಕೂಡ ಶೇಕಡ 43 ಪ್ರೊಟೀನ್ ಎಂದು ತೋರುತ್ತದೆ! ಕೀಟಗಳಿಗೆ ಇನ್ನೂ ಕಡಿಮೆ ಗುಣಕವನ್ನು ಬಳಸಬೇಕೆಂದು ಸಂಶೋಧಕರು ಸೂಚಿಸಿರುವುದು ಇದಕ್ಕಾಗಿಯೇ. ಕೊಬ್ಬಿನ ವಿಷಯವೂ ಹೀಗೆಯೇ. ಸಮುದ್ರದ ಮೀನಿನೆಣ್ಣೆಯ ವಿಶಿಷ್ಟ ಒಮೆಗಾ-3 ಆಮ್ಲಗಳು ಮೂಲತಃ ಪಾಚಿಗಳಲ್ಲಿ ತಯಾರಾಗುವಂಥವು. ನೆಲದ ಕೀಟಗಳಲ್ಲಿ ಅವು ತೀರ ಅಲ್ಪ.

ಹಾಗಾದರೆ ಕೀಟದ ಮೇವು ವ್ಯರ್ಥವೆ? ಅಲ್ಲ. ಬೇರೆ ಯಾರೂ ತಿನ್ನದ್ದನ್ನು ಕೀಟ ತಿಂದರೆ ಲೆಕ್ಕ ತಲೆಕೆಳಗಾಗುತ್ತದೆ. 'ಕಪ್ಪು ಸೈನಿಕ ನೊಣ'ದ ಮರಿಹುಳು ಕೊಳೆತ ಹಣ್ಣು, ತರಕಾರಿ, ಅಡಿಗೆಮನೆಯ ಕಸವನ್ನು ತಿಂದು ಬೆಳೆಯಬಲ್ಲದು. ಗ್ರಂಥದ ನಿಜವಾದ ಬಲ ಇರುವುದು ಈ ವಾದದಲ್ಲಿ. ಆದರೆ ಕಾರ್ಖಾನೆಗಳು ಸದಾ ಈ ದಾರಿಯಲ್ಲಿ ನಡೆಯಲಿಲ್ಲ. ಐರೋಪ್ಯ ಒಕ್ಕೂಟ 2017ರಲ್ಲಿ ಏಳು ಕೀಟಗಳ ಪುಡಿಯನ್ನು ಮೀನಿನ ಮೇವಿಗೆ ಒಪ್ಪಿತು. ಆದರೆ ಸಾಕುವ ಕೀಟಕ್ಕೆ ಹೋಟೆಲ್ ಕಸವನ್ನಾಗಲಿ ಸಗಣಿಯನ್ನಾಗಲಿ ಕೊಡಕೂಡದೆಂಬ ನಿಯಮ ಉಳಿಯಿತು. ರೋಗಭಯದಿಂದ ಬಂದ ಈ ನಿಯಮ ಅಕಾರಣವಲ್ಲ. ಪರಿಣಾಮವೆಂದರೆ, ಅಲ್ಲಿನ ಕೀಟಗಳು ದನಗಳೂ ತಿನ್ನಬಲ್ಲ ಗೋಧಿ ಬೂಸಾದಂಥ ಮೇವನ್ನು ಅವಲಂಬಿಸಿದವು. ಹಿಟ್ಟುಹುಳು ಸಾಕಲು ನೂರಾರು ಮಿಲಿಯನ್ ಯೂರೊ ಬಂಡವಾಳ ಕೂಡಿಸಿದ ಫ್ರಾನ್ಸಿನ ಈನ್‌ಸೆಕ್ಟ್ ಕಂಪೆನಿ 2025ರಲ್ಲಿ ದಿವಾಳಿಯಾಯಿತು. ಕಾರಣಗಳು ಹಲವಿರಬಹುದು. ಆದರೂ ಮೇವಿನ ಮತ್ತು ಶಾಖದ ವೆಚ್ಚವನ್ನು ಉತ್ಸಾಹದಿಂದ ಅಳಿಸಲಾಗದು.

ಕರ್ನಾಟಕದಲ್ಲಿ ಇದಕ್ಕೆ ಹಳೆಯದೊಂದು ಉದಾಹರಣೆಯಿದೆ: ರೇಷ್ಮೆ ಗೂಡಿನ ಕೋಶ. ನೂಲು ಬಿಚ್ಚಿದ ಮೇಲೆ ಅದು ಹೇಗೂ ಉಳಿಯುತ್ತದೆ. ಹಿಪ್ಪುನೇರಳೆಯ ಖರ್ಚನ್ನು ರೇಷ್ಮೆಯೇ ತೀರಿಸಿರುತ್ತದೆ. ಆದ್ದರಿಂದ ಇಲ್ಲಿ ಕೊಂಡಿ ಹೆಚ್ಚಿದರೂ ಹೊಸ ನಷ್ಟವಿಲ್ಲ. ಐರೋಪ್ಯ ಒಕ್ಕೂಟ ರೇಷ್ಮೆಹುಳುವನ್ನು ಪಟ್ಟಿಗೆ ಸೇರಿಸಿದ್ದು 2021ರಲ್ಲಿ. ತೊಡಕಿರುವುದು ಒಣಗಿಸುವುದರಲ್ಲಿ. ಶೇಕಡ 75 ನೀರಿರುವ 4 ಕಿಲೋಗ್ರಾಮ್ ಹಸಿ ಕೋಶದಿಂದ 1 ಕಿಲೋಗ್ರಾಮ್ ಒಣಪುಡಿ ಬರಬೇಕಾದರೆ 3 ಕಿಲೋಗ್ರಾಮ್ ನೀರು ಆವಿಯಾಗಬೇಕು. ಗುಪ್ತೋಷ್ಣ ಕಿಲೋಗ್ರಾಮಿಗೆ ಸುಮಾರು 2.3 ಮೆಗಾಜೂಲ್. ಒಟ್ಟು 7 ಮೆಗಾಜೂಲ್, ಅಂದರೆ ಸುಮಾರು 2 ಯೂನಿಟ್ ವಿದ್ಯುತ್ತಿಗೆ ಸಮ. ನಮ್ಮ ಬಿಸಿಲು ಇದನ್ನು ಪುಕ್ಕಟೆ ಕೊಡುತ್ತದೆ. ಆದರೆ ಮೋಡ ಕವಿದ ದಿನಗಳಲ್ಲಿ ಕೋಶ ಬೇಗ ಕೊಳೆಯುತ್ತದೆ, ಅದರ ಕೊಬ್ಬು ಕಮಟುತ್ತದೆ.

ಗ್ರಂಥವನ್ನು ತರಗತಿಯಲ್ಲಿ ಬಳಸುವ ಅಧ್ಯಾಪಕರು ಅದರ ಅಂಕಿಗಳ ಪಕ್ಕದಲ್ಲಿ ಮೂರು ಪ್ರಶ್ನೆಗಳನ್ನು ಬರೆಸಲಿ. ಇದು ಹಸಿ ತೂಕವೋ ಒಣ ತೂಕವೋ? ಹೋಲಿಕೆ ಯಾವುದರ ಜೊತೆ? ಕೀಟ ತಿಂದದ್ದನ್ನು ಬೇರೆ ಯಾರು ತಿನ್ನಬಹುದಿತ್ತು? ಮೂರನೆಯ ಪ್ರಶ್ನೆಗೆ 'ಯಾರೂ ಇಲ್ಲ' ಎಂಬ ಉತ್ತರ ಬಂದಾಗ ಮಾತ್ರ ಕೀಟದ ಮೇವು ಸಮುದ್ರದ ಮೀನನ್ನು ಉಳಿಸೀತು.