ದಪ್ಪಕ್ಷರದ 5.8

ಚಿಕ್ಕಪ್ಪ ರಿಪೋರ್ಟ್ ಹಿಡಿದುಕೊಂಡು ಬಂದದ್ದು ಒಂದು ಭಾನುವಾರ. ಅರವತ್ತು ತುಂಬಿತೆಂದು ಮಗ ಮಾಡಿಸಿದ ‘ಫುಲ್ ಬಾಡಿ ಚೆಕಪ್’. ಸಕ್ಕರೆ, ಕೊಬ್ಬು, ವಿಟಮಿನ್ನುಗಳನ್ನೆಲ್ಲ ದಾಟಿ ಅವರ ಬೆರಳು ನಿಂತದ್ದು ಪಿಎಸ್‌ಎ ಸಾಲಿನಲ್ಲಿ: ದಪ್ಪಕ್ಷರದಲ್ಲಿ 5.8, ಪಕ್ಕದಲ್ಲೊಂದು ‘ಎಚ್’. 4ರೊಳಗಿರಬೇಕಂತೆ. ಅಡಿಯಲ್ಲಿ ಇರುವೆಸಾಲಿನಂಥ ಅಕ್ಷರದಲ್ಲಿ ‘ಕೈಂಡ್ಲಿ ಕೋರಿಲೇಟ್ ಕ್ಲಿನಿಕಲಿ’ ಎಂಬ ಸೂಚನೆ. “ಇದನ್ನ ಯಾರು ಮಾಡ್ಬೇಕೋ, ನಾನಾ?” ಎಂದರು.

ಪ್ಯಾಕೇಜಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನನ್ನ ತಕರಾರು ಅಲ್ಲಿಯೇ.

ಪಿಎಸ್‌ಎ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನು, ಕ್ಯಾನ್ಸರಿನ ಮೊಹರಲ್ಲ. ವಯಸ್ಸಿಗೆ ತಕ್ಕಂತೆ ಗ್ರಂಥಿ ದೊಡ್ಡದಾದರೂ, ಸೋಂಕು ತಗುಲಿದರೂ, ಮೂತ್ರಕ್ಕೆ ನಳಿಗೆ ಹಾಕಿದರೂ ಏರುತ್ತದೆ. ಗ್ರಂಥಿ ಕುಗ್ಗಿಸಲು ಫಿನಾಸ್ಟರೈಡ್ ಮಾತ್ರೆ ತಿಂಗಳುಗಟ್ಟಲೆ ನುಂಗುವವರಲ್ಲಿ ಅಂಕಿ ಸುಮಾರು ಅರ್ಧಕ್ಕಿಳಿದು, ಇರುವ ರೋಗವೂ ಮರೆಯಾಗಬಹುದು. ಬೆಳಿಗ್ಗೆ ಆರೂವರೆಗೆ ರಕ್ತ ತೆಗೆಯಲು ಮನೆಗೆ ಬಂದ ಹುಡುಗ ಕೇಳಿದ್ದು ಒಂದೇ: “ಖಾಲಿ ಹೊಟ್ಟೆ ತಾನೇ ಅಂಕಲ್?” ಪಿಎಸ್‌ಎಗೆ ಖಾಲಿ ಹೊಟ್ಟೆ ಬೇಕಾಗಿಯೇ ಇಲ್ಲ. ಹಿಂದಿನ ವಾರವಷ್ಟೇ ಉರಿಮೂತ್ರಕ್ಕೆ ಔಷಧಿ ತಗೊಂಡ ಸಂಗತಿ ಬೇಕಿತ್ತು. ಅದನ್ನು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಹಾಗೆಂದು ಪರೀಕ್ಷೆಯನ್ನೇ ಕಸದ ಬುಟ್ಟಿಗೆ ಹಾಕಲು ನನಗೆ ಮನಸ್ಸಿಲ್ಲ. 1970ರಲ್ಲಿ ಪ್ರಾಸ್ಟೇಟಿನ ಪ್ರತಿಜನಕವನ್ನು ಗುರುತಿಸಿದ ರಿಚರ್ಡ್ ಆಬ್ಲಿನ್ ಅವರೇ 2010ರಲ್ಲಿ, ಸಾಮೂಹಿಕ ತಪಾಸಣೆ ದುಬಾರಿ ಅನಾಹುತವೆಂದು ಪತ್ರಿಕೆಯಲ್ಲಿ ಬರೆದರು. ಅಷ್ಟು ಸಿಟ್ಟು ಹೆಚ್ಚಾಯಿತು. ಯುರೋಪಿನ ದೊಡ್ಡ ಅಧ್ಯಯನದ 23 ವರ್ಷಗಳ ಲೆಕ್ಕ 2025ರಲ್ಲಿ ಬಂತು: ತಪಾಸಣೆಗೆ ಕರೆದವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 13ರಷ್ಟು ಕಡಿಮೆ. ಆದರೆ ಒಂದು ಸಾವು ತಪ್ಪಿಸಲು 456 ಮಂದಿಯನ್ನು ಕರೆಯಬೇಕು, ಹೆಚ್ಚುವರಿಯಾಗಿ 12 ಮಂದಿಗೆ ಕ್ಯಾನ್ಸರ್ ಎಂದು ಹೇಳಬೇಕು. ಉಳಿದ ಹನ್ನೊಂದು ಜನರ ಗತಿಯೇನು? ಆಪರೇಷನ್ನಾದರೆ ಕೆಲವರಿಗೆ ಮೂತ್ರ ಸೋರುತ್ತದೆ, ಹಲವರಿಗೆ ನಿಮಿರುವಿಕೆ ಹೋಗುತ್ತದೆ. ಚಡ್ಡಿಯೊಳಗೆ ಪ್ಯಾಡ್ ಇಟ್ಟುಕೊಂಡು ಮದುವೆಮನೆಗೆ ಹೋಗುವ ಕಷ್ಟ ರೋಬಾಟಿಕ್ ಸರ್ಜರಿಯ ಹೋರ್ಡಿಂಗಿನಲ್ಲಿ ಕಾಣುವುದಿಲ್ಲ.

ಬ್ರಿಟನ್ನಿನಲ್ಲಿ, ರೋಗ ಗ್ರಂಥಿಯೊಳಗೇ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿ 15 ವರ್ಷ ಗಮನಿಸಿದರು. ಆಪರೇಷನ್, ವಿಕಿರಣ, ಬರೀ ನಿಗಾ, ಯಾವ ಗುಂಪಿನಲ್ಲೂ ಸುಮಾರು ಶೇ. 97 ಮಂದಿ ಈ ಕ್ಯಾನ್ಸರಿನಿಂದ ಸಾಯಲಿಲ್ಲ. ನಿಗಾದವರಲ್ಲಿ ರೋಗ ಬೇರೆಡೆ ಹರಡಿದ್ದು ಮಾತ್ರ ಉಳಿದವರಿಗಿಂತ ಸುಮಾರು ಎರಡರಷ್ಟು; ಅದನ್ನು ಮುಚ್ಚಿಡಬಾರದು. ಆದರೂ ಕಡಿಮೆ ಅಪಾಯದ ಗಡ್ಡೆಗೆ ಕಾಯುವುದೂ ಚಿಕಿತ್ಸೆಯೇ. “ಕ್ಯಾನ್ಸರ್ ಇದೆ, ಸದ್ಯಕ್ಕೆ ಏನೂ ಮಾಡೋದು ಬೇಡ” ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹೇಳಿ ನೋಡಿ: ಸಂಜೆಯೊಳಗೆ ಮೂವರು ನೆಂಟರು ಬೇರೆ ಡಾಕ್ಟರ ನಂಬರು ಕಳಿಸಿರುತ್ತಾರೆ.

ಪರೀಕ್ಷೆಯ ಹೆಸರೇ ಕೇಳದವರ ಕಥೆ ಬೇರೆ. ರಾತ್ರಿ ನಾಲ್ಕು ಸಲ ಎದ್ದರೂ “ವಯಸ್ಸಾಯ್ತಲ್ಲ” ಎಂದು ಸುಮ್ಮನಿದ್ದು, ಸೊಂಟ ಹಿಡಿದಾಗ ಎಣ್ಣೆ ತಿಕ್ಕಿಸಿಕೊಂಡು, ರೋಗ ಮೂಳೆಗಿಳಿದ ಮೇಲೆ ಆಸ್ಪತ್ರೆಗೆ ಬರುವವರು. ಆಗ ಉಳಿಯುವುದು ಮುಖ್ಯವಾಗಿ ಗಂಡು ಹಾರ್ಮೋನನ್ನು ತಗ್ಗಿಸುವ ದಾರಿ: ಇಂಜೆಕ್ಷನ್, ಇಲ್ಲವೇ ಒಂದೇ ಸಲದ ಖರ್ಚೆಂದು ವೃಷಣ ತೆಗೆಸುವುದು. ರೋಗವನ್ನು ಹಿಡಿದಿಡಬಹುದು, ಕಿತ್ತುಹಾಕಲಾಗದು.

ಚಿಕ್ಕಪ್ಪನನ್ನು ಮೂತ್ರರೋಗ ತಜ್ಞರ ಬಳಿ ಕರೆದೊಯ್ದೆ. ಬಯಾಪ್ಸಿಯ ಮಾತೆತ್ತದೆ, ಆರು ವಾರ ಬಿಟ್ಟು ಮತ್ತೆ ಪಿಎಸ್‌ಎ ನೋಡೋಣ, ಇಳಿಯದಿದ್ದರೆ ಎಂಆರ್‌ಐ ಎಂದರು. ಆಮೇಲೆ, “ಅಪ್ಪ, ಅಣ್ಣತಮ್ಮಂದಿರಿಗೆ ಯಾರಿಗಾದ್ರೂ ಇತ್ತಾ?” ಎಂದು ಕೇಳಿದರು. ಚಿಕ್ಕಪ್ಪ ಇಲ್ಲವೆಂದು ತಲೆಯಾಡಿಸಿದವರು ಅರ್ಧಕ್ಕೇ ನಿಂತರು. ದೊಡ್ಡಪ್ಪ ಸೊಂಟನೋವೆಂದು ಎಂಟು ತಿಂಗಳು ಮಲಗಿದಲ್ಲೇ ಮಲಗಿ ಹೋದದ್ದು ಯಾವುದರಿಂದ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.