ಯನಾರ್ತಾಷಿನ ಜ್ವಾಲೆಗಳು

ತುರ್ಕಿಯ ದಕ್ಷಿಣ ತೀರದಲ್ಲಿ, ಚಿರಾಲಿ ಗ್ರಾಮದ ಮೇಲಣ ಯನಾರ್ತಾಷ್ ಎಂಬ ಬೋಳುಬಂಡೆಯ ಇಳಿಜಾರಿನಲ್ಲಿ, ಎಣ್ಣೆಯಿಲ್ಲದೆ, ಬತ್ತಿಯಿಲ್ಲದೆ, ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಉರಿಯುತ್ತ ಬಂದಿರುವ ಜ್ವಾಲೆಗಳ ವಿಚಾರವನ್ನು ಅರಿತಷ್ಟೂ ನನ್ನ ವಿಸ್ಮಯವು ವರ್ಧಿಸುತ್ತದೆ. ರೋಮಿನ ಪ್ಲಿನಿಯೂ ಇವನ್ನು ಕುರಿತು ಬರೆದಿದ್ದಾನೆ. ಹಗಲಿನ ಬಿಸಿಲಿನಲ್ಲಿ ಅವು ಕಣ್ಣಿಗೆ ಬೀಳುವುದೇ ಕಷ್ಟ. ಬಿರುಕಿನ ಅಂಚು ಮಸಿಹಿಡಿದು ಕಪ್ಪಾಗಿರುವುದರಿಂದಲೂ, ಮೇಲಣ ಗಾಳಿಯು ಬಿಸಿಗೆ ಕಂಪಿಸುವುದರಿಂದಲೂ ಅಲ್ಲಿ ಅಗ್ನಿಯಿದೆಯೆಂದು ಊಹಿಸಬೇಕು. ಜ್ವಾಲೆಯನ್ನು ಆರಿಸಿದರೂ ಬಿರುಕಿನಿಂದ ಅನಿಲದ ಒಸರು ನಿಲ್ಲದಾದ ಕಾರಣ, ಕಿಡಿ ಸೋಕಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ.

ಸಾಮಾನ್ಯವಾಗಿ ನೆಲದಿಂದೊಸರುವ ಇಂಥ ಅನಿಲವು ಪುರಾತನ ಜೀವಿಗಳ ಅವಶೇಷವು ಭೂಗರ್ಭದ ತಾಪದಲ್ಲಿ ಬೆಂದೋ, ಸೂಕ್ಷ್ಮಾಣುಗಳಿಂದ ಜೀರ್ಣಗೊಂಡೋ ಜನಿಸಿದುದು. ಇಲ್ಲಿ ಅದರ ಅಂಶವೂ ಬೆರೆತಿದೆ. ಆದರೆ ಗಣನೀಯ ಭಾಗವನ್ನು ನಿರ್ಮಿಸಿದ ಶಿಲ್ಪಿ ಶಿಲೆಯೇ. ಹಿಂದೊಮ್ಮೆ ಸಾಗರದ ತಳದಲ್ಲಿದ್ದು ಮೇಲೆದ್ದು ಬಂದ ಆ ಕಲ್ಲಿನ ಓಲಿವೀನ್ ಖನಿಜವು, ಒಳಗಿಳಿದ ನೀರಿನೊಡನೆ ಕೂಡಿ ಹಸುರು ಛಾಯೆಯ ಸರ್ಪೆಂಟೈನಾಗಿ ಮಾರ್ಪಡುವಾಗ, ಅದರಲ್ಲಡಗಿದ ಕಬ್ಬಿಣವು ನೀರಿನ ಆಮ್ಲಜನಕವನ್ನು ತನ್ನದಾಗಿಸಿಕೊಂಡು ಜಲಜನಕವನ್ನು ಬಿಟ್ಟುಕೊಡುತ್ತದೆ. ಆ ಜಲಜನಕವು ಇಂಗಾಲದ ಡೈಆಕ್ಸೈಡಿನೊಡನೆ ಸಂಯೋಗಗೊಂಡು ಮೀಥೇನಾಗುತ್ತದೆ.

ನನಗೆ ಅತ್ಯಂತ ಪ್ರಿಯವಾದುದು ಇನ್ನೂ ಸೂಕ್ಷ್ಮವಾದೊಂದು ಸಂಗತಿ. ಅಲ್ಲಿನ ಕ್ರೋಮೈಟ್ ಶಿಲೆಯಲ್ಲಿ ಲೇಶಮಾತ್ರವಿರುವ ರುಥೇನಿಯಂ ಲೋಹವು, ತಾನು ವ್ಯಯವಾಗದೆ, ನೂರು ಡಿಗ್ರಿಗೂ ಕಡಿಮೆ ತಾಪದಲ್ಲಿ ಈ ಸಂಯೋಗವನ್ನು ಸಾಧಿಸಬಲ್ಲುದೆಂದು ಪ್ರಯೋಗಗಳು ತೋರಿಸಿವೆ. ಅಬ್ಬರವಿಲ್ಲದ, ಬೆವರಿಲ್ಲದ ಎಂಥ ಕೌಶಲ! ಹೊರಬರುವ ಅನಿಲದಲ್ಲಿ ಶೇಕಡಾ 87ರಷ್ಟು ಮೀಥೇನಿದ್ದರೆ, ಸುಮಾರು 10ರಷ್ಟು ಜಲಜನಕವು ಇನ್ನೂ ಜಲಜನಕವಾಗಿಯೇ ಜ್ವಾಲೆಯನ್ನು ಸೇರುತ್ತದೆ.